ರೌಟರಿನ ಬೀಗದಕೈ ಯಾರ ಸೊಂಟದಲ್ಲಿದೆ?

"ಕೆಂಪು ದೀಪ ಬಂದೈತೆ ಕಣಪ್ಪ."

ಬೆಳಗ್ಗೆ ಹತ್ತೂವರೆಗೆ ನಮ್ಮ ಸ್ಟ್ಯಾಂಡ್‌ಅಪ್ ಮೀಟಿಂಗು. ನನ್ನ ಸರದಿ ಬರುವ ಹೊತ್ತಿಗೆ ಸರಿಯಾಗಿ ಊರಿಂದ ಅವ್ವನ ಫೋನು. ಮ್ಯೂಟ್ ಒತ್ತಿ, "ಆಫ್ ಮಾಡಿ ಆನ್ ಮಾಡವ್ವಾ" ಅಂತೀನಿ. "ಮಾಡ್ದೆ, ಇನ್ನೂ ಕೆಂಪಗೇ ಐತೆ" ಅಂತಾಳೆ. "ಹಂಗಾರೆ ಕೇಬಲ್ ಹುಡುಗನಿಗೆ ಫೋನ್ ಮಾಡು." "ಮಾಡ್ದೆ, ನಿಮ್ಮ ಮಗನ್ನೇ ಕೇಳ್ರಮ್ಮಾ ಅಂದ." ಅಷ್ಟರಲ್ಲಿ ಲ್ಯಾಪ್‌ಟಾಪಿನೊಳಗಿಂದ ಮ್ಯಾನೇಜರು ನನ್ನ ಹೆಸರನ್ನ ಎರಡನೇ ಸಲ ಕರೆದಿರ್ತಾರೆ. "ಆಮೇಲೆ ಮಾಡ್ತೀನವ್ವಾ" ಅಂತ ಇಟ್ಟುಬಿಡ್ತೀನಿ. ಆ ಆಮೇಲೆ ಬರೋದು ರಾತ್ರಿ ಹತ್ತಕ್ಕೆ.

ಒಂದೂವರೆ ವರ್ಷ ಹೀಗೇ ನಡೀತು. ಈ ಒಂದೂವರೆ ವರ್ಷದಲ್ಲಿ ಒಂದೇ ಒಂದು ಸಲವೂ ಆ ಕೆಂಪು ದೀಪ ಅಂದ್ರೆ ಏನು ಅಂತ ನಾನು ಅವ್ವನಿಗೆ ಹೇಳಿರಲಿಲ್ಲ. ಅದರ ಕೆಳಗೆ ಇಂಗ್ಲಿಷಿನಲ್ಲಿ ಮೂರಕ್ಷರ ಇದೆ, ಎಲ್‌ಓಎಸ್ ಅಂತ. ಗಾಜಿನ ತಂತಿಯೊಳಗೆ ಬರಬೇಕಾದ ಬೆಳಕು ಪೆಟ್ಟಿಗೆಗೆ ಮುಟ್ಟುತ್ತಿಲ್ಲ ಅಂತ ಅದರರ್ಥ. ತಂತಿ ಎಲ್ಲೋ ತುಂಡಾಗಿದೆ, ಇಲ್ಲಾ ಮಡಚಿಕೊಂಡಿದೆ, ಇಲ್ಲಾ ಆ ತುದಿಯ ಪೆಟ್ಟಿಗೆಗೇ ಕರೆಂಟಿಲ್ಲ. ಇದಕ್ಕೆ ಆಫ್ ಮಾಡಿ ಆನ್ ಮಾಡೋದು ಅಂದ್ರೆ ಬೋರಿನಲ್ಲಿ ನೀರೇ ಇಲ್ಲದಾಗ ಸ್ಟಾರ್ಟರಿನ ಹಸಿರು ಗುಂಡಿ ಒತ್ತುತ್ತಾ ಕೂತ ಹಾಗೆ. ನಮ್ಮವ್ವ ಸ್ಟಾರ್ಟರ್ ವಿಷಯದಲ್ಲಿ ಅಂಥ ದಡ್ಡತನ ಯಾವತ್ತೂ ಮಾಡಿದವಳಲ್ಲ. ಫೇಸ್ ಹೋಗಿದೆಯೋ, ಓವರ್‌ಲೋಡ್ ಆಗಿದೆಯೋ, ನೀರು ಕೆಳಗಿಳಿದಿದೆಯೋ ಅಂತ ಮೋಟರಿನ ಸದ್ದಿನ ಮೇಲೇ ಹೇಳ್ತಾಳೆ. ರೌಟರ್ ವಿಷಯದಲ್ಲಿ ಅವಳನ್ನ ದಡ್ಡಿ ಮಾಡಿದವನು ಬಿಇ ಓದಿದ ಅವಳ ಮಗ. ಕೊನೆಗೆ ನಾನು ಊರಿಗೆ ಹೋಗಿ ನೋಡಿದ್ರೆ, ಆ ಸಣ್ಣ ಹಳದಿ ತಂತಿ ಮಂಚದ ಕಾಲಿನ ಕೆಳಗೆ ಸಿಕ್ಕಿ ನಲುಗಿತ್ತು. ಯಾರಾದ್ರೂ ಮಂಚದ ಮೇಲೆ ಕೂತಾಗ ಕೆಂಪು, ಎದ್ದಾಗ ಹಸಿರು!

ಅದಕ್ಕೇ ಹೇಳ್ತಿದೀನಿ, ನಮ್ಮ ಹಳ್ಳಿ ಮನೆಗಳ ವೈಫೈ ಈ ಸ್ಥಿತಿಯಲ್ಲಿರೋದಕ್ಕೆ ಸರ್ಕಾರನ ಬೈಯೋದು, ಕಂಪನಿನ ಬೈಯೋದು ಆಮೇಲಿನ ಮಾತು. ಅವರನ್ನೂ ಬೈಯೋಣ, ಬಿಡೋದಿಲ್ಲ. ಆದ್ರೆ ಸರತಿಯಲ್ಲಿ ಮೊದಲು ನಿಲ್ಲಬೇಕಾದವರು ನಾನು ಮತ್ತು ನೀವು. ಹಬ್ಬಕ್ಕೆ ಅಂತ ಎರಡು ದಿನ ಊರಿಗೆ ಹೋಗಿ, ಅಪ್ಪ ಅಮ್ಮನಿಗೆ ವೈಫೈ ಹಾಕಿಸಿ, ಅದರ ಫೋಟೋ ಸ್ಟೇಟಸ್ಸಿಗೆ ಏರಿಸಿ, ಭಾನುವಾರ ರಾತ್ರಿಯ ಬಸ್ಸು ಹಿಡಿಯುವ ನಾವು.

ನಾನು ಹಾಕಿಸಿದ ಕಥೆ ಕೇಳಿ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಬೆಂಗಳೂರಿಂದ ಊರಿಗೆ ಬಂದು ಬಿದ್ದವರಲ್ಲಿ ನಾನೂ ಒಬ್ಬ. ನಮ್ಮೂರು ಚಳ್ಳಕೆರೆಯಿಂದ ಬಳ್ಳಾರಿ ರಸ್ತೆಯಲ್ಲಿ ತಳಕು ಕಡೆಗೆ ಹೋಗಿ, ಅಲ್ಲಿಂದ ಒಳಗೆ. ಮೊಬೈಲ್ ಸಿಗ್ನಲ್ ಸಿಗೋದು ಮಾಳಿಗೆ ಮೇಲೆ ಮಾತ್ರ. ಬೇಸಿಗೆಯ ಆ ಬಿಸಿಲಿನಲ್ಲಿ ಕಂಬಳಿ ಕಟ್ಟಿಕೊಂಡು ಅದರ ನೆರಳಲ್ಲಿ ಕೂತು ಅಮೆರಿಕದ ಕ್ಲೈಂಟಿಗೆ ಕೋಡ್ ಬರೆದಿದ್ದೇನೆ. ಮಾರನೇ ವರ್ಷ ಕೇಬಲ್ ಟಿವಿಯವರೇ ಫೈಬರ್ ಎಳೆಯೋಕೆ ಶುರು ಮಾಡಿದಾಗ ನಮ್ಮ ಬೀದಿಯಲ್ಲಿ ಮೊದಲ ಕನೆಕ್ಷನ್ ನಮ್ಮದೇ.

ಹುಡುಗ ಬಂದ, ಟಿವಿ ಪಕ್ಕದಲ್ಲಿ ಪ್ಲಗ್ ಇದೆ ಅಂತ ಟಿವಿ ಹಿಂದೆಯೇ ಪೆಟ್ಟಿಗೆ ಇಟ್ಟ. ನಾನು ಬೆಂಗಳೂರಿನ ಬುದ್ಧಿವಂತಿಕೆಯನ್ನೆಲ್ಲ ಸುರಿದೆ. ನೆಟ್‌ವರ್ಕಿಗೆ ಇಂಗ್ಲಿಷಿನಲ್ಲಿ ಒಂದು ತಮಾಷೆಯ ಹೆಸರು. ಹದಿನಾರು ಅಕ್ಷರದ ಪಾಸ್‌ವರ್ಡು, ಅದರೊಳಗೆ ದೊಡ್ಡಕ್ಷರ, ಚಿಕ್ಕಕ್ಷರ, ಡಾಲರ್ ಗುರುತು, ನಕ್ಷತ್ರ, ಎಲ್ಲ. ಅವ್ವನ ಫೋನಿಗೆ ನಾನೇ ಹಾಕಿಕೊಟ್ಟೆ, ಅಪ್ಪನ ಫೋನಿಗೂ ನಾನೇ ಹಾಕಿಕೊಟ್ಟೆ. ಪಾಸ್‌ವರ್ಡ್ ಬರೆದಿಟ್ಟೆನಾ? ನನ್ನ ಲ್ಯಾಪ್‌ಟಾಪಿನಲ್ಲಿ ಬರೆದಿಟ್ಟುಕೊಂಡೆ! ಮನೆಗೆ ಹೊಸ ಬಾಗಿಲು ಮಾಡಿಸಿ ಬೀಗದಕೈ ಜೇಬಿಗೆ ಹಾಕಿಕೊಂಡು ಬೆಂಗಳೂರಿಗೆ ಹೋದ ಹಾಗೆ.

ಇನ್ನು ಪೆಟ್ಟಿಗೆ ಇಟ್ಟ ಜಾಗ. ನಮ್ಮದು ಹಳೇ ಮಣ್ಣಿನ ಮಾಳಿಗೆ ಮನೆ, ಗೋಡೆ ಎರಡಡಿ ದಪ್ಪ. ಯೂಟ್ಯೂಬಿನಲ್ಲಿ ಎಲ್ಲರೂ ಹೇಳೋದು ಒಂದೇ, 5 ಗಿಗಾಹರ್ಟ್ಸ್ ಹಾಕ್ಕೊಳ್ಳಿ, ಅದೇ ಫಾಸ್ಟು ಅಂತ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಆ ಮಾತು ಸರಿ. ಅಲ್ಲಿ ಗೋಡೆ ತೆಳು, ಅಕ್ಕಪಕ್ಕ ಮೇಲೆ ಕೆಳಗೆ ಮೂವತ್ತು ರೌಟರ್ ಕೂಗಾಡ್ತಿರ್ತಾವೆ, 2.4 ಗಿಗಾಹರ್ಟ್ಸ್ ಅನ್ನೋದು ಕೆ.ಆರ್. ಮಾರುಕಟ್ಟೆ. ಅದರಲ್ಲಿ ಒಂದರ ಮೇಲೊಂದು ಬೀಳದೇ ಇರೋ ಚಾನೆಲ್ಲುಗಳು ಮೂರೇ, 1, 6 ಮತ್ತು 11. ನಮ್ಮೂರಲ್ಲಿ ಆಗ ಇದ್ದದ್ದೇ ಒಂದು ರೌಟರ್. 5 ಗಿಗಾಹರ್ಟ್ಸ್ ಅಲೆ ಚುರುಕು ನಿಜ, ಆದ್ರೆ ಗೋಡೆ ಕಂಡ್ರೆ ಬೇಗ ಸುಸ್ತಾಗುತ್ತೆ. ನಮ್ಮ ಪಡಸಾಲೆಯಿಂದ ಅಡುಗೆಮನೆಗೆ ಅದು ದಾಟಲೇ ಇಲ್ಲ. ಅವ್ವ ಒಂದೂವರೆ ವರ್ಷ ರೊಟ್ಟಿ ಬಡೀತಾ ಸೀರಿಯಲ್ ನೋಡೋ ಸುಖದಿಂದ ವಂಚಿತಳಾದದ್ದು ನಾನು ಒಂದು ಆಯ್ಕೆಯನ್ನ ತಪ್ಪಾಗಿ ಒತ್ತಿದ್ದರಿಂದ.

ಸ್ವಲ್ಪ ನಗು ಬರುತ್ತೆ. ನಮ್ಮ ತಾಲ್ಲೂಕು ಈಗ ಸೈನ್ಸ್ ಸಿಟಿ. ದನ ಮೇಯುತ್ತಿದ್ದ ಅಮೃತಮಹಲ್ ಕಾವಲಿನಲ್ಲಿ ಬೇಲಿ ಬಿದ್ದು, ಕುದಾಪುರದ ಹತ್ತಿರ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ ಹೋಯ್ತು. ಡಿಆರ್‌ಡಿಓದ ರನ್‌ವೇ ಬಂತು. 2023ರ ಏಪ್ರಿಲ್ 2ರಂದು ಇಸ್ರೋದವರು ರೆಕ್ಕೆ ಇರೋ ಗಗನನೌಕೆಯನ್ನ ಹೆಲಿಕಾಪ್ಟರಿನಲ್ಲಿ ನಾಲ್ಕೂವರೆ ಕಿಲೋಮೀಟರ್ ಮೇಲಕ್ಕೆ ಒಯ್ದು ಬಿಟ್ಟರು, ಅದು ತಾನೇ ದಾರಿ ಹುಡುಕಿಕೊಂಡು ಬಂದು ಆ ರನ್‌ವೇ ಮೇಲೆ ಇಳೀತು. ಚಂದ್ರನ ಮೇಲಿಳಿಯೋ ಅಭ್ಯಾಸಕ್ಕೆ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಗುಂಡಿಗಳನ್ನೇ ತೋಡಿದ್ದರು. ಕುರಿ ಕಾಯೋರು ಬೇಲಿ ಸುತ್ತಿ ಹೋಗ್ತಾ ಇದನ್ನೆಲ್ಲ ನೋಡಿದರು. ಇಷ್ಟೆಲ್ಲ ನಡೆಯೋ ತಾಲ್ಲೂಕಿನಲ್ಲಿ ನಮ್ಮನೆ ವೈಫೈ ಪಡಸಾಲೆಯಿಂದ ಅಡುಗೆಮನೆಗೆ ಇಳೀಲಿಲ್ಲ.

ಪರಿಹಾರ ಹೇಳಿದ್ದು ಅಪ್ಪ. ಏಳನೇ ಕ್ಲಾಸಿನವರೆಗೆ ಓದಿದ ಮನುಷ್ಯ. "ಈ ಸಿಗ್ನಲ್ ಅನ್ನೋದು ಬೆಳಕಿನ ಥರದ್ದೇ ಏನಲೇ?" ಅಂತ ಕೇಳಿದರು. ಹೌದು, ಅದೇ ಜಾತಿ, ಕಣ್ಣಿಗೆ ಕಾಣಲ್ಲ ಅಷ್ಟೇ ಅಂದೆ. "ಹಂಗಾರೆ ಬೆಳಕಿಂಡಿ ಕೆಳಗಿಡು. ಬೆಳಕು ಒಳಗೆ ಬರೋ ದಾರೀಲಿ ಅದು ಹೊರಗೆ ಹೋಗ್ತೈತೆ." ನಡುಮನೆಯ ಬೆಳಕಿಂಡಿಯ ಕೆಳಗೆ, ತೊಲೆಗೆ ಒಂದು ಹಲಗೆ ಹೊಡೆದು ಇಟ್ಟೆವು. ಅಡುಗೆಮನೆ ಬಾಗಿಲು ಅಲ್ಲಿಂದ ನೇರ ಕಾಣುತ್ತೆ. ಮಾಳಿಗೆ ಮೇಲೂ ಈಗ ನೆಟ್ ಬರುತ್ತೆ. ಇದನ್ನ ಒಂದೂವರೆ ವರ್ಷ ಮೊದಲೇ ಅಪ್ಪನಿಗೆ ಕೇಳಬಹುದಿತ್ತು. ಕೇಳಬೇಕು ಅಂತ ಹೊಳೆದದ್ದೇ ಇಲ್ಲ, ಯಾಕಂದ್ರೆ ಅದು 'ಟೆಕ್ನಿಕಲ್' ವಿಷಯ ಅಲ್ವಾ.

ಕರೆಂಟಿನ ವಿಷಯದಲ್ಲೂ ಅಷ್ಟೇ. ನಮ್ಮ ಕಡೆ ಕರೆಂಟು ಹೋದರೆ ಮೊಬೈಲಿಗೆ ಚಾರ್ಜ್ ಇರುತ್ತೆ, ರೌಟರ್ ಸತ್ತಿರುತ್ತೆ. ನಾನು ಆನ್‌ಲೈನಿನಲ್ಲಿ ಇನ್ವರ್ಟರುಗಳ ರೇಟು ನೋಡ್ತಾ ಇದ್ದೆ. ಅಪ್ಪ ಅಡಾಪ್ಟರಿನ ಮೇಲೆ 12 ವೋಲ್ಟ್ ಅಂತ ಇದ್ದದ್ದನ್ನ ಕನ್ನಡಕ ಏರಿಸಿ ಓದಿ, ಔಷಧಿ ಹೊಡೆಯೋ ಸ್ಪ್ರೇಯರಿನ ಬ್ಯಾಟರಿಯೂ 12 ವೋಲ್ಟೇ ಅಂತ ಹೇಳಿ, ಶೇಂಗಾ ಹೊಲದಿಂದ ಬಂದ ಸ್ಪ್ರೇಯರ್ ಬಿಚ್ಚಿದರು. ನಾನು ತಡೆದೆ. ಪೂರ್ತಿ ಚಾರ್ಜಾದ ಆ ಬ್ಯಾಟರಿ 12ಕ್ಕಿಂತ ಮೇಲೇ ಇರುತ್ತೆ, ತಂತಿ ಹಿಂದುಮುಂದಾದರೆ ಪೆಟ್ಟಿಗೆ ಸುಟ್ಟುಹೋಗುತ್ತೆ, ಹಾಗಾಗಿ ನೀವು ಮನೇಲಿ ಮಾಡಬೇಡಿ. ಆದ್ರೆ ಲೆಕ್ಕ ತಪ್ಪಿರಲಿಲ್ಲ. ಅಂಗಡಿಯಲ್ಲಿ ರೌಟರಿಗೆ ಅಂತಲೇ ಸಿಗೋ ಪುಟ್ಟ ಯುಪಿಎಸ್ಸಿನ ಒಳಗಿರೋದೂ ಇದೇ ಲೆಕ್ಕ. ಅದನ್ನ ತಂದು ಹಾಕಿದೆ.

ಈಗ ಬೀಗದಕೈ ವಿಷಯಕ್ಕೆ ಬರ್ತೀನಿ.

ಆ ಸಲ ನಾಯಕನಹಟ್ಟಿ ಜಾತ್ರೆಗೆ ಅಂತ ಊರಿಗೆ ಹೋಗಿದ್ದೆ. ತೇರು ನೋಡಿಕೊಂಡು ಬಂದು ಸಂಜೆ ಲ್ಯಾಪ್‌ಟಾಪ್ ತೆಗೆದರೆ ನೆಟ್ ತೆವಳ್ತಾ ಇದೆ. ರೌಟರಿನ ಪುಟಕ್ಕೆ ಹೋಗಿ ನೋಡಿದೆ, ನಮ್ಮನೇಲಿರೋದು ನಾಲ್ಕು ಫೋನು, ಅಲ್ಲಿ ಪಟ್ಟಿಯಲ್ಲಿರೋದು ಇಪ್ಪತ್ಮೂರು! ವಿಚಾರಿಸಿದಾಗ ಗೊತ್ತಾಯ್ತು. ಆರು ತಿಂಗಳ ಹಿಂದೆ ಅವ್ವ ಹೊಸ ಫೋನ್ ತಗೊಂಡಿದ್ದಾಳೆ, ನನ್ನ ಹದಿನಾರಕ್ಷರದ ಪಾಸ್‌ವರ್ಡ್ ಅವಳಿಗೆ ಗೊತ್ತಿಲ್ಲ, ನಾನು ಮೀಟಿಂಗಿನಲ್ಲಿ, ಕೇಬಲ್ ಹುಡುಗ ಬಂದು ಪಾಸ್‌ವರ್ಡನ್ನ ಅಪ್ಪನ ಮೊಬೈಲ್ ನಂಬರಿಗೆ ಬದಲಾಯಿಸಿ ಹೋಗಿದ್ದಾನೆ. ಎಲ್ಲ ಮನೆಗೂ ಹೀಗೇ ಅಂತೆ, ಆ ಮನೆಯವರ ಮೊಬೈಲ್ ನಂಬರೇ ಪಾಸ್‌ವರ್ಡು. ಹಳ್ಳಿಯಲ್ಲಿ ಅಪ್ಪನ ನಂಬರ್ ಗೊತ್ತಿಲ್ಲದವರು ಯಾರಿದ್ದಾರೆ? ಸಂಜೆಯಾದರೆ ಬೀದಿಯ ಹುಡುಗರೆಲ್ಲ ನಮ್ಮನೆ ಕಟ್ಟೆ ಮೇಲೆ.

ನಾನು ಕೂಗಾಡಿದೆ. ಅವ್ವ ಸಮಾಧಾನವಾಗಿ ಹೇಳಿದಳು: "ಕುಡಿಯೋಕೆ ನೀರು ಕೇಳಿದ್ರೆ ಇಲ್ಲ ಅಂತೀವೇನಪ್ಪ? ಹುಡುಗ್ರು ಬಂದು ಕೂರ್ತಾವೆ, ಮನೆ ತುಂಬಿದಂಗಿರ್ತೈತೆ. ನೀನು ಇರಲ್ಲ, ನಿಮ್ಮಕ್ಕ ಇರಲ್ಲ."

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಪೂರ್ತಿ ಇಲ್ಲ. ಸೆಕ್ಯೂರಿಟಿ ಅಂತ ಬೆಂಗಳೂರಿನಲ್ಲಿ ಭಾಷಣ ಮಾಡೋದು ಸುಲಭ. ಅಲ್ಲಿ ಪಕ್ಕದ ಮನೆಯವರ ಹೆಸರೇ ನನಗೆ ಗೊತ್ತಿಲ್ಲ, ಇನ್ನು ವೈಫೈ ಕೊಡೋದೆಲ್ಲಿಂದ ಬಂತು. ಆದ್ರೆ ಅಪಾಯ ಸುಳ್ಳಲ್ಲ. 2008ರ ಜುಲೈನಲ್ಲಿ ಅಹಮದಾಬಾದ್ ಸ್ಫೋಟದ ಹೊತ್ತಿನಲ್ಲಿ ಬಂದ ಬೆದರಿಕೆ ಇಮೇಲಿನ ಜಾಡು ಹಿಡಿದು ಪೊಲೀಸರು ಹೋದದ್ದು ನವಿ ಮುಂಬೈನ ಒಂದು ಫ್ಲ್ಯಾಟಿಗೆ. ಅಲ್ಲಿದ್ದ ಅಮೆರಿಕದ ಮನುಷ್ಯನ ವೈಫೈಗೆ ಸರಿಯಾದ ಕಾವಲಿರಲಿಲ್ಲ, ಯಾರೋ ಅದರ ಮೂಲಕ ಕಳಿಸಿದ್ದರು. ಕನೆಕ್ಷನ್ ಯಾರ ಹೆಸರಲ್ಲಿದೆಯೋ ಅವರ ಬಾಗಿಲಿಗೇ ಮೊದಲು ಬರೋದು. ನಮ್ಮನೆ ಕನೆಕ್ಷನ್ ಅಪ್ಪನ ಹೆಸರಲ್ಲಿದೆ, ಅಪ್ಪನ ಆಧಾರ್ ಮೇಲಿದೆ. ಕಟ್ಟೆ ಮೇಲೆ ಕೂತ ಇಪ್ಪತ್ತು ಹುಡುಗರಲ್ಲಿ ಒಬ್ಬ ಐಪಿಎಲ್ ಬೆಟ್ಟಿಂಗ್ ಆಡಿದರೂ, ಒಬ್ಬ ಯಾರದೋ ಹುಡುಗಿಯ ಫೋಟೋ ತಿದ್ದಿ ಹಾಕಿದರೂ, ಚಳ್ಳಕೆರೆ ಸ್ಟೇಷನ್ನಿನ ಬೆಂಚಿನ ಮೇಲೆ ಟವಲ್ ಹೆಗಲಿಗೆ ಹಾಕಿಕೊಂಡು ಕೂರಬೇಕಾದವರು ಅಪ್ಪ.

ಆಗ ಹೊಳೆದದ್ದು ಕೆರೆಯ ತೂಬು. ನಮ್ಮದು ಮಳೆ ಕಾಣದ ಸೀಮೆ, ಕೆರೆ ಕಟ್ಟಿಸಿದ್ದಕ್ಕೇ ಹಟ್ಟಿ ತಿಪ್ಪೇರುದ್ರಸ್ವಾಮಿಯನ್ನ ಇವತ್ತಿಗೂ ನೆನೆಯೋ ಜನ ನಾವು. ಕೆರೆ ಊರಿಗೆಲ್ಲ ಸೇರಿದ್ದು, ನೀರು ಎಲ್ಲರಿಗೂ ಉಂಟು. ಆದ್ರೆ ತೂಬು ಎತ್ತೋನು ನೀರುಗಂಟಿ ಒಬ್ಬನೇ, ಅವನು ಊರಿಗೆ ಉತ್ತರ ಹೇಳಬೇಕಾದವನು. ರೌಟರಿನಲ್ಲಿ ಗೆಸ್ಟ್ ನೆಟ್‌ವರ್ಕ್ ಅಂತ ಒಂದಿದೆಯಲ್ಲ, ಅದು ಎರಡನೇ ತೂಬು. ಮನೆಯವರಿಗೆ ಒಂದು, ಬಂದವರಿಗೆ ಇನ್ನೊಂದು. ಬಂದವರ ಕಡೆಯಿಂದ ಮನೆಯ ಫೋನು, ಟಿವಿ ಕಾಣಲ್ಲ. ರಾತ್ರಿ ಒಂಬತ್ತಕ್ಕೆ ಮುಚ್ಚಬಹುದು. ಯಾರ್ಯಾರಿಗೆ ಕೊಟ್ಟಿದೀವಿ ಅನ್ನೋದು ಅವ್ವನಿಗೆ ಗೊತ್ತಿರುತ್ತೆ, ಏನಾದ್ರೂ ಎಡವಟ್ಟಾದರೆ ಅವಳೇ ಮುಚ್ತಾಳೆ. ನೀರು ಕೊಟ್ಟ ಹಾಗೂ ಆಯ್ತು, ಬಾವಿಗೆ ಕಟ್ಟೆ ಕಟ್ಟಿದ ಹಾಗೂ ಆಯ್ತು. ಇದರಿಂದ ಪೊಲೀಸರ ತಾಪತ್ರಯ ಪೂರ್ತಿ ತಪ್ಪಲ್ಲ, ಹೊರಗಿಂದ ನೋಡಿದರೆ ಎರಡೂ ಒಂದೇ ಐಪಿ. ಆದ್ರೆ ಇಪ್ಪತ್ಮೂರು ಅಪರಿಚಿತ ಹೆಸರುಗಳಿಗಿಂತ ಅವ್ವನಿಗೆ ಗೊತ್ತಿರೋ ಎಂಟು ಹುಡುಗರು ವಾಸಿ.

ಮಾಡೋಣ ಅಂತ ಕೂತೆ. ಗೆಸ್ಟ್ ನೆಟ್‌ವರ್ಕಿನ ಗುಂಡಿ ಬೂದಿ ಬಣ್ಣದಲ್ಲಿದೆ, ಒತ್ತಿದರೆ ಒತ್ತಲ್ಲ. ಅದಕ್ಕೆ ಅಡ್ಮಿನ್ ಲಾಗಿನ್ ಬೇಕು, ನಮಗೆ ಕೊಟ್ಟಿರೋದು ಯೂಸರ್ ಲಾಗಿನ್. ಆಪರೇಟರಿಗೆ ಫೋನ್ ಮಾಡಿದೆ. "ಸಾರ್, ಅಡ್ಮಿನ್ ಪಾಸ್‌ವರ್ಡ್ ಕಸ್ಟಮರಿಗೆ ಕೊಡಂಗಿಲ್ಲ." ಯಾಕೆ? "ಪಾಲಿಸಿ ಸಾರ್." ಪೆಟ್ಟಿಗೆಗೆ ದುಡ್ಡು ಕೊಟ್ಟಿರೋದು ನಾವು ತಾನೇ? "ಹೌದು ಸಾರ್." ಮತ್ತೆ? "ಪಾಲಿಸಿ ಸಾರ್."

ನನಗೆ ಪಿತ್ತ ನೆತ್ತಿಗೇರಿತು. ಪೆಟ್ಟಿಗೆಯ ಹಿಂದೆ ಒಂದು ಸಣ್ಣ ತೂತಿರುತ್ತೆ, ರೀಸೆಟ್ ಅಂತ. ಅವ್ವನ ಹತ್ತಿರ ಪಿನ್ನು ಇಸ್ಕೊಂಡು ಹತ್ತು ಸೆಕೆಂಡ್ ಚುಚ್ಚಿ ಹಿಡಿದೆ. ಇಂಜಿನಿಯರ್ ಅನ್ನೋ ಅಹಂಕಾರ. ಅಡ್ಮಿನ್ ಪಾಸ್‌ವರ್ಡ್ ಹೋಯ್ತು ನಿಜ, ಅದರ ಜೊತೆಗೆ ಆಪರೇಟರ್ ತುಂಬಿದ್ದ ಲಾಗಿನ್ನು, ವಿಲ್ಯಾನ್ ನಂಬರು, ಎಲ್ಲವೂ ಹೋಯ್ತು. ನೆಟ್ ಪೂರ್ತಿ ಬಂದ್. ಅವು ಯಾವುವೂ ನನ್ನ ಹತ್ತಿರ ಬರೆದಿಟ್ಟಿರಲಿಲ್ಲ. ಹುಡುಗ ಬಂದದ್ದು ನಾಲ್ಕನೇ ದಿನ, ಆ ಹೊತ್ತಿಗೆ ನಾನು ಬೆಂಗಳೂರಿಗೆ ವಾಪಸ್.

ಮತ್ತೆ ಹಾಗೆ ನೆಟ್ ಹೋಗಿ ಮೂರು ದಿನ ಆದದ್ದು ಆ ವರ್ಷದ ಸಿಇಟಿ ಆಪ್ಶನ್ ಎಂಟ್ರಿ ಹೊತ್ತಿನಲ್ಲಿ. ಅಕ್ಕನ ಮಗಳು ಅಜ್ಜಿ ಮನೆಯಲ್ಲಿದ್ದಳು, ನೆಟ್ ಚೆನ್ನಾಗಿದೆ ಅಂತಲೇ ಬಂದಿದ್ದಳು. ಈ ಸಲ ಆಪರೇಟರಿನ ಕಡೆಯಿಂದಲೇ ಏನೋ ಸೆಟ್ಟಿಂಗ್ ಬದಲಾಗಿ ಪೆಟ್ಟಿಗೆ ಲಾಗಿನ್ ಆಗ್ತಾ ಇರಲಿಲ್ಲ. ಎಲ್ಲ ದೀಪ ಹಸಿರು, ಇಂಟರ್ನೆಟ್ಟಿನ ದೀಪ ಮಾತ್ರ ಇಲ್ಲ. ನಾನು ಬೆಂಗಳೂರಿಂದ ಫೋನಿನಲ್ಲಿ ಏನೇನೋ ಹೇಳಿದೆ, ಬೇಕಾದ ಪುಟಕ್ಕೆ ಅಡ್ಮಿನ್ ಬೀಗ. ಹುಡುಗಿ ಮಾಳಿಗೆ ಹತ್ತಿ ಮೊಬೈಲ್ ಸಿಗ್ನಲ್ಲಿನಲ್ಲಿ ಪ್ರಯತ್ನಪಟ್ಟಳು, ಪಟ್ಟಿ ಅರ್ಧ ತುಂಬಿದಾಗ ಪುಟ ಬಿದ್ದುಹೋಗೋದು. ಕಡೆಗೆ ಅಪ್ಪ ಬೈಕಿನಲ್ಲಿ ಕೂರಿಸಿಕೊಂಡು ಚಳ್ಳಕೆರೆಯ ಸೈಬರ್ ಸೆಂಟರಿಗೆ ಹೋದರು, ಅಲ್ಲಿ ಕ್ಯೂ. ಸಂಜೆ ಆರಕ್ಕೆ ಮುಗಿಸಿ ಬಂದರು. ಸೀಟೇನೋ ಸಿಕ್ತು ಅನ್ನಿ. ಆದ್ರೆ ಆ ಮೂರು ದಿನ ಆ ಮಗು ಸರಿಯಾಗಿ ಉಣ್ಣಲಿಲ್ಲ ಅಂತ ಅವ್ವ ಹೇಳಿದಾಗ, ಆ 'ಪಾಲಿಸಿ ಸಾರ್' ಕಿವಿಯಲ್ಲಿ ಗುಯ್ಗುಟ್ಟಿತು.

ಆಪರೇಟರುಗಳ ಕಡೆಯಿಂದಲೂ ಒಂದು ನ್ಯಾಯ ಇದೆ, ಅದನ್ನ ಹೇಳದಿದ್ದರೆ ತಪ್ಪಾಗುತ್ತೆ. ಜನ ಸೆಟ್ಟಿಂಗ್ ಕೆಡಿಸ್ತಾರೆ, ಆಮೇಲೆ ನಮ್ಮನ್ನೇ ಬೈತಾರೆ ಅಂತಾರೆ. ಕೆಡಿಸಿದವರಲ್ಲಿ ನಾನೇ ಒಬ್ಬ. ನೂರಾರು ಮನೆ ನೋಡಿಕೊಳ್ಳೋನು ಇಬ್ಬರು ಹುಡುಗರನ್ನಿಟ್ಟುಕೊಂಡು ದೂರದಿಂದಲೇ ಎಲ್ಲ ಪೆಟ್ಟಿಗೆ ನಿಭಾಯಿಸೋ ವ್ಯವಸ್ಥೆ ಇಟ್ಟುಕೊಳ್ಳೋದು ಅನಿವಾರ್ಯ, ಅದಕ್ಕೆ ಅಂತಲೇ 2004ರಿಂದ ಟಿಆರ್-069 ಅನ್ನೋ ಪದ್ಧತಿ ಇದೆ. ಸರಿ, ಇಟ್ಟುಕೊಳ್ಳಲಿ. ಆದ್ರೆ ಫೈಬರಿಗೆ ಸಂಬಂಧಪಟ್ಟ ಎರಡು ಪುಟ ಅವರ ಹತ್ತಿರ ಇರಲಿ, ಮನೆಯೊಳಗಿನ ವೈಫೈ ಯಾರಿಗೆ ಕೊಡಬೇಕು, ಎಷ್ಟು ಹೊತ್ತಿಗೆ ಮುಚ್ಚಬೇಕು ಅನ್ನೋದಕ್ಕೂ ಅವರ ಅಪ್ಪಣೆ ಯಾಕೆ? ಬೆಸ್ಕಾಂನವರು ಮೀಟರಿಗೆ ಸೀಲ್ ಹಾಕ್ತಾರೆ, ನಮ್ಮ ಬಲ್ಬಿನ ಸ್ವಿಚ್ಚಿಗೆ ಹಾಕಲ್ಲ.

ಮತ್ತೆ ಆ ಅಡ್ಮಿನ್ ಪಾಸ್‌ವರ್ಡನ್ನ ಇವರು ಭದ್ರವಾಗಿಟ್ಟಿದ್ದಾರಾ ಅಂದ್ರೆ, ಎಷ್ಟೋ ಕಡೆ ಊರಿಗೆಲ್ಲ ಒಂದೇ. 2016ರಲ್ಲಿ ಮಿರಾಯ್ ಅನ್ನೋ ಹುಳು ಜಗತ್ತಿನ ಲಕ್ಷಾಂತರ ಕ್ಯಾಮೆರಾ, ರೌಟರುಗಳನ್ನ ಹಿಡಿದದ್ದು ಯಾವ ಮಹಾ ವಿದ್ಯೆಯಿಂದಲೂ ಅಲ್ಲ. ಕಾರ್ಖಾನೆಯಿಂದ ಬಂದ ಅರವತ್ತು ಚಿಲ್ಲರೆ ಹೆಸರು-ಪಾಸ್‌ವರ್ಡ್ ಜೋಡಿಗಳನ್ನ ಒಂದೊಂದಾಗಿ ಹಾಕಿ ನೋಡಿತು, ಅಷ್ಟೇ. ಅದೇ ನವೆಂಬರಿನಲ್ಲಿ ಜರ್ಮನಿಯ ಡಾಯ್ಚ ಟೆಲಿಕಾಂನ ಸುಮಾರು ಒಂಬತ್ತು ಲಕ್ಷ ಮನೆಗಳ ರೌಟರ್ ಕೈಕೊಟ್ಟವು. ದಾಳಿ ನಡೆದದ್ದು ದೂರದಿಂದ ನಿಭಾಯಿಸೋಕೆ ಅಂತ ಬಿಡೋ ಬಾಗಿಲಿನ ಮೇಲೆಯೇ. ಅದೇ ಜರ್ಮನಿಯಲ್ಲಿ 2016ರ ಆಗಸ್ಟ್ 1ರಿಂದ, ರೌಟರ್ ಯಾವುದು ಇಟ್ಟುಕೊಳ್ಳಬೇಕು ಅನ್ನೋದು ಮನೆಯವರ ಇಷ್ಟ ಅಂತ ಕಾನೂನೇ ಇದೆ, ಲಾಗಿನ್ ವಿವರವನ್ನ ಕಂಪನಿ ಕೇಳದೇ ಕೊಡಬೇಕು. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಎಲ್ಲಕ್ಕೂ ಒಂದೇ ಡೀಫಾಲ್ಟ್ ಪಾಸ್‌ವರ್ಡ್ ಇಟ್ಟು ಇಂಥ ಸಾಮಾನು ಮಾರಂಗಿಲ್ಲ. ನಮ್ಮಲ್ಲಿ 2011ರಲ್ಲಿ ಒಪ್ಪಿಗೆ ಸಿಕ್ಕ ಯೋಜನೆ ಆಮೇಲೆ ಭಾರತ್‌ನೆಟ್ ಆಗಿ, ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗೆ ಫೈಬರ್ ಅಂತ ಹೊರಟು, ವರ್ಷಗಟ್ಟಲೆಯಿಂದ ಕೊನೆಯ ಮೈಲಿ, ಕೊನೆಯ ಮೈಲಿ ಅಂತ ಜಪ ನಡೀತಿದೆ. ಕೊನೆಯ ಹತ್ತು ಅಡಿ, ಅಂದ್ರೆ ಗೋಡೆಯ ತೂತಿನಿಂದ ಅವ್ವನ ಫೋನಿನವರೆಗಿನ ದಾರಿ, ಯಾರ ಕಡತದಲ್ಲೂ ಇಲ್ಲ.

ನಮ್ಮ ಪೈಕಿ ಕೆಲವರು ಕೇಳ್ತಾರೆ, ಆಫೀಸಿನ ಕ್ಯಾಂಟೀನಿನಲ್ಲೇ ಕೇಳಿದ್ದಾರೆ: "ಮಗಾ, ಅಪ್ಪ ಅಮ್ಮನಿಗೆ ಇದೆಲ್ಲ ಯಾಕೆ ಬೇಕು, ಕನ್‌ಫ್ಯೂಸ್ ಆಗ್ತಾರೆ." ಈ ಮಾತಿಗೆ ನನಗೆ ಸಿಟ್ಟು ಬರೋದು. ನನ್ನ ಮೊಳಕಾಲ್ಮೂರಿನ ಗೆಳೆಯನ ತಾಯಿ ರೇಷ್ಮೆ ಸೀರೆ ನೇಯೋರು. ಮಗ್ಗದ ಮೇಲೆ ಜಕಾರ್ಡಿನ ತೂತು ಬಿದ್ದ ರಟ್ಟುಗಳ ಸರಮಾಲೆ, ತೂತಿದ್ದರೆ ಎಳೆ ಏಳುತ್ತೆ, ಇಲ್ಲದಿದ್ದರೆ ಏಳಲ್ಲ. ಸೊನ್ನೆ ಒಂದು, ಸೊನ್ನೆ ಒಂದು. ಅಂಚಿನಲ್ಲಿ ಒಂದು ಎಳೆ ತಪ್ಪಿದರೆ ಯಾವ ರಟ್ಟಿನ ತಪ್ಪು ಅಂತ ಹುಡುಕಿ ತೆಗೀತಾರೆ. ನಾವು ಅದನ್ನ ಡೀಬಗ್ಗಿಂಗ್ ಅಂತೀವಿ, ಅದಕ್ಕೆ ಸಂಬಳ ತಗೋತೀವಿ. ಅವರಿಗೆ 192.168.1.1 ಅನ್ನೋ ಪುಟ ಅರ್ಥ ಆಗಲ್ಲ ಅನ್ನೋದಾದರೆ ತಪ್ಪು ಪುಟದ್ದು.

ಆ ಪುಟ ಇರೋದೆಲ್ಲ ಇಂಗ್ಲಿಷಿನಲ್ಲಿ. ಪೆಟ್ಟಿಗೆಯ ತಳದ ಸ್ಟಿಕ್ಕರೂ ಇಂಗ್ಲಿಷು, ಅದೂ ಇರುವೆ ಗಾತ್ರದ ಅಕ್ಷರ. ಮೊಳಕಾಲ್ಮೂರು ತಾಲ್ಲೂಕಿಗೆ ಇದು ಹೊಸದೇನಲ್ಲ ಬಿಡಿ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿಯ ಶಾಸನಗಳಿವೆ, 1892ರಲ್ಲಿ ಬಿ.ಎಲ್. ರೈಸ್ ಅವನ್ನ ಪತ್ತೆ ಮಾಡಿದರು. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಸಂದೇಶ, ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಬರೆದವನು ಚಪಡ. ತನ್ನ ಕಸುಬಿನ ಪದವನ್ನ ಮಾತ್ರ ಅವನು ಖರೋಷ್ಠಿಯಲ್ಲಿ ಕೆತ್ತಿದ್ದಾನೆ, ಆ ಲಿಪಿ ನಡೀತಿದ್ದದ್ದು ದೇಶದ ವಾಯವ್ಯ ಮೂಲೆಯಲ್ಲಿ. ಇಸಿಲದ ದನ ಕಾಯೋನಿಗೆ ಅದು ಏನು ತಿಳೀಬೇಕು? ನನಗಂತೂ ಆ ಚಪಡನಲ್ಲಿ ನನ್ನದೇ ಮುಖ ಕಂಡಿತು. ಅವ್ವನ ಮನೆಯ ಗೋಡೆ ಮೇಲೆ, ನನ್ನ ಗೆಳೆಯರಿಗೆ ಮಾತ್ರ ಅರ್ಥ ಆಗೋ ಇಂಗ್ಲಿಷ್ ತಮಾಷೆಯ ಹೆಸರಿಟ್ಟು ಬಂದವನು ನಾನು. ಅಂದಹಾಗೆ ಆ ಶಾಸನದಲ್ಲಿ ತಂದೆತಾಯಿಯ ಮಾತು ಕೇಳಬೇಕು ಅಂತಲೂ ಇದೆ.

ಹಾಗಾಗಿ ಮುಂದಿನ ಸಲ ಹೋದಾಗ ಎರಡು ದಿನ ರಜೆ ಜಾಸ್ತಿ ಹಾಕಿದೆ. ಆಪರೇಟರಿನ ಪೆಟ್ಟಿಗೆಯ ಜೊತೆ ಜಗಳ ಬಿಟ್ಟು ನಮ್ಮದೇ ಒಂದು ರೌಟರ್ ತಗೊಂಡು ಹೋದೆ. ಅವರ ಪೆಟ್ಟಿಗೆಯ ಲ್ಯಾನ್ ತೂತಿನಿಂದ ಒಂದು ಕೇಬಲ್ ನಮ್ಮ ರೌಟರಿನ ವ್ಯಾನ್ ತೂತಿಗೆ, ಅವರ ಪೆಟ್ಟಿಗೆಯ ವೈಫೈ ಆಫ್. ಅವರದು ಬೆಳಕನ್ನ ನೆಟ್ ಮಾಡಿಕೊಡೋ ಯಂತ್ರ ಮಾತ್ರ, ಮನೆ ನಮ್ಮದು. ಎರಡೆರಡು ನ್ಯಾಟ್ ಆಗುತ್ತೆ ಅಂತ ನೆಟ್‌ವರ್ಕಿಂಗ್ ಬಲ್ಲವರು ಮೂಗು ಮುರೀತಾರೆ. ಗೇಮ್ ಆಡೋರಿಗೆ, ಮನೆಯೊಳಗೆ ಸರ್ವರ್ ಇಟ್ಟೋರಿಗೆ ತೊಂದರೆ ಇರಬಹುದು. ಅವ್ವನ ಸೀರಿಯಲ್ಲಿಗೆ, ಅಪ್ಪನ ಶೇಂಗಾ ರೇಟಿಗೆ ಏನೂ ಆಗಲಿಲ್ಲ.

ಆಮೇಲೆ ಅವ್ವನನ್ನ ಪಕ್ಕದಲ್ಲಿ ಕೂರಿಸಿಕೊಂಡೆ. ನಾನು ಮುಟ್ಟೋದಿಲ್ಲ, ಎಲ್ಲ ನೀನೇ ಒತ್ತಬೇಕು ಅಂದೆ. ಅಕ್ಕನ ಮಗಳು ಒಂದು ಹಳೇ ಕ್ಯಾಲೆಂಡರಿನ ಹಿಂದುಗಡೆ ದಪ್ಪಕ್ಷರದಲ್ಲಿ ಬರೀತಾ ಹೋದಳು. ಕೆಂಪು ದೀಪ ಬಂದರೆ ತಂತಿ ನೋಡು, ಮಂಚ ನೋಡು. ಇಂಟರ್ನೆಟ್ ದೀಪ ಇಲ್ಲದಿದ್ದರೆ ಕೇಬಲ್ಲಿನವರ ತಪ್ಪು, ದಬಾಯಿಸು. ಅಡ್ಮಿನ್ ಪಾಸ್‌ವರ್ಡು ಬೇರೆ, ವೈಫೈ ಪಾಸ್‌ವರ್ಡು ಬೇರೆ. ಡಬ್ಲ್ಯುಪಿಎಸ್ ಗುಂಡಿ ಬಂದ್ ಇರಲಿ, ಅದರ ಎಂಟಂಕಿಯ ಪಿನ್ ಮುರಿಯೋದು ಸುಲಭ ಅಂತ 2011ರಲ್ಲೇ ಬಯಲಾಗಿದೆ. ಇದನ್ನೆಲ್ಲ ಅವ್ವ ಯಾಕೆ ಯಾಕೆ ಅಂತ ಕೇಳ್ತಾ ಹೋದಳು. ನನ್ನ ಟೀಮಿನ ಹೊಸಬರು ಅಷ್ಟು ಕೇಳಲ್ಲ.

ಹೆಸರಿಡೋ ಹೊತ್ತಿಗೆ ತಕರಾರು. ಅವ್ವನಿಗೆ 'ತಿಪ್ಪೇರುದ್ರಸ್ವಾಮಿ' ಅಂತಲೇ ಬೇಕು, ಕನ್ನಡದಲ್ಲೇ ಬೇಕು. ರೌಟರ್ ಒಪ್ಪಲಿಲ್ಲ. ವೈಫೈ ಹೆಸರಿಗೆ ಇರೋ ಜಾಗ 32 ಬೈಟು. ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟಾದರೆ ಕನ್ನಡಕ್ಕೆ ಮೂರು, ಅದೂ ಒತ್ತು, ಕೊಂಬು, ಗುಡಿಸು ಎಲ್ಲಕ್ಕೂ ಬೇರೆ ಬೇರೆ ಮೂರು. ಲೆಕ್ಕ ಹಾಕಿದರೆ ಸ್ವಾಮಿಗೆ 51 ಬೈಟ್ ಬೇಕು. 'ತಿಪ್ಪೇಸ್ವಾಮಿ' ಅಂದರೂ 36. ನಾಲ್ಕೇ ಬೈಟ್ ಜಾಸ್ತಿ. "ದೇವರಿಗೆ ಜಾಗ ಇಲ್ವಂತಾ?" ಅಂತ ಅವ್ವ ನನ್ನನ್ನೇ ಗದರಿದಳು, ಆ ಲೆಕ್ಕ ನಾನೇ ಮಾಡಿದ್ದೇನೋ ಅನ್ನೋ ಹಾಗೆ. ಕಡೆಗೆ ಮನೆಗೆ 'ತಿಪ್ಪೇಶ', 21 ಬೈಟು. ಹುಡುಗರ ತೂಬಿಗೆ 'ಕಟ್ಟೆ'.

ಹಾಕಿದ ಮೇಲೆ ಪಾಸ್‌ವರ್ಡು. ನಾನು ಆ ಕಡೆ ತಿರುಗಿ ಕೂತೆ. ಅವ್ವ ಮೊಮ್ಮಗಳ ಕಿವಿಯಲ್ಲಿ ಏನೋ ಹೇಳಿದಳು, ಇಬ್ಬರೂ ನಕ್ಕರು, ಅವಳೇ ಒಂದೊಂದಾಗಿ ಒತ್ತಿದಳು. ಅಡ್ಮಿನ್ನಿನದು ಒಂದು ಚೀಟಿಯಲ್ಲಿ ಬರೆದು ಸೊಂಟದ ಎಲೆಅಡಿಕೆ ಚೀಲಕ್ಕೆ ಸೇರಿಸಿದಳು.

ಮೊನ್ನೆ ಶುಕ್ರವಾರ ರಾತ್ರಿ ಹೊರಟು ಬೆಳಗಿನ ಜಾವ ಊರು ಸೇರಿದೆ. ಆಫೀಸಿನ ಒಂದು ಅರ್ಜೆಂಟ್ ಬಿಲ್ಡ್ ನೋಡಬೇಕಿತ್ತು, ಲ್ಯಾಪ್‌ಟಾಪ್ ತೆಗೆದೆ. ಹಳೇದು ಹಿಡೀಲಿಲ್ಲ, ಪಾಸ್‌ವರ್ಡ್ ಬದಲಾಗಿದೆ. ಕಟ್ಟೆ ಹುಡುಗರಲ್ಲಿ ಇಬ್ಬರು ಏನೋ ಕಿತಾಪತಿ ಮಾಡಿದ್ದರಂತೆ, ಅವ್ವ ಹೋದ ವಾರ ಎರಡನ್ನೂ ಬದಲಾಯಿಸಿದಾಳೆ.

"ಅವ್ವಾ, ಪಾಸ್‌ವರ್ಡ್ ಏನು?"

ಒಲೆ ಮುಂದಿಂದ ಉತ್ತರ ಬಂತು: "ಮೊದ್ಲು ಕೈಕಾಲು ಮುಖ ತೊಳ್ಕಂಡು ಬಾ. ರೊಟ್ಟಿ ತಿನ್ನು. ಆಮ್ಯಾಕೆ ಹೇಳ್ತೀನಿ."